ಟ್ಯಾಕ್ಸಿ ಪರವಾನಗಿಗೆ ಮಿತಿ: ತಪ್ಪು ಕಲ್ಪನೆ ಮತ್ತು ಸತ್ಯ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಟ್ಯಾಕ್ಸಿಗಳಿಗೆ ಪರವಾನಗಿ ಕೊಡುವುದು ಸ್ಥಳೀಯ ಕೌನ್ಸಿಲ್‌ಗಳ ಕೆಲಸ. ಲಂಡನ್‌ನಲ್ಲಿ ಮಾತ್ರ ಆ ಹೊಣೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಸಂಸ್ಥೆಯದು. ಒಂದು ಊರಿಗೆ ಎಷ್ಟು ಟ್ಯಾಕ್ಸಿ ಸಾಕು ಎಂಬ ಚರ್ಚೆಯಲ್ಲಿ ಕೆಲವು ತಪ್ಪು ಕಲ್ಪನೆಗಳು ಮತ್ತೆ ಮತ್ತೆ ಕೇಳಿಬರುತ್ತವೆ.

ತಪ್ಪು ಕಲ್ಪನೆ: ಕೌನ್ಸಿಲ್ ತನಗೆ ತೋಚಿದ ಸಂಖ್ಯೆಗೆ ಮಿತಿ ಹಾಕಬಹುದು.
ಸತ್ಯ: 1847ರ ಕಾಯ್ದೆ ಅಂಥ ಅಧಿಕಾರವನ್ನೇ ಕೊಟ್ಟಿತ್ತು. 1985ರ ಸಾರಿಗೆ ಕಾಯ್ದೆಯ 16ನೇ ಸೆಕ್ಷನ್ ಅದಕ್ಕೆ ಕಡಿವಾಣ ಹಾಕಿತು. ಈಡೇರದೆ ಉಳಿದ ಗಣನೀಯ ಬೇಡಿಕೆ ಊರಿನಲ್ಲಿ ಇಲ್ಲವೆಂದು ಖಚಿತವಾದರೆ ಮಾತ್ರ, ಸಂಖ್ಯೆಯ ಕಾರಣ ನೀಡಿ ಹೊಸ ಪರವಾನಗಿಯನ್ನು ನಿರಾಕರಿಸಬಹುದು. ಆಗಲೂ ನಿರಾಕರಿಸಲೇಬೇಕೆಂಬ ಕಡ್ಡಾಯವಿಲ್ಲ. ನಿರಾಕರಣೆಗೆ ಒಳಗಾದವರು ಕ್ರೌನ್ ಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು.

ತಪ್ಪು ಕಲ್ಪನೆ: ಬೇಡಿಕೆ ಎಷ್ಟಿದೆಯೆಂಬುದು ಬರೀ ಅಂದಾಜು.
ಸತ್ಯ: ಅದಕ್ಕೆ ಸಮೀಕ್ಷೆ ನಡೆಯುತ್ತದೆ. ರೈಲು ನಿಲ್ದಾಣದ ಮುಂದಿನ ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಟ್ಯಾಕ್ಸಿಗಳೇ ಪ್ರಯಾಣಿಕರಿಗಾಗಿ ಸಾಲುಗಟ್ಟಿರಬಹುದು. ಶನಿವಾರ ರಾತ್ರಿ ಅದೇ ಜಾಗದಲ್ಲಿ ಜನರೇ ಸಾಲಿನಲ್ಲಿ ಕಾಯುತ್ತಿರಬಹುದು. ಯಾರು ಯಾರಿಗಾಗಿ ಎಷ್ಟು ನಿಮಿಷ ಕಾದರು ಎಂಬುದನ್ನು ಸಮೀಕ್ಷೆ ದಾಖಲಿಸುತ್ತದೆ. ಕಾದು ಕಾದು ಟ್ಯಾಕ್ಸಿಯ ಆಸೆಯನ್ನೇ ಬಿಟ್ಟವರ ಬೇಡಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು 2010ರ ಸರ್ಕಾರಿ ಮಾರ್ಗಸೂಚಿ ಹೇಳಿತ್ತು.

ತಪ್ಪು ಕಲ್ಪನೆ: ಮಿತಿ ಬಾಡಿಗೆಗೆ ಓಡುವ ಎಲ್ಲ ಕಾರುಗಳಿಗೂ ಅನ್ವಯಿಸುತ್ತದೆ.
ಸತ್ಯ: ಸ್ಟ್ಯಾಂಡಿನಲ್ಲಿ ನಿಂತು, ರಸ್ತೆಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳುವ ಹ್ಯಾಕ್ನಿ ಕ್ಯಾರೇಜ್‌ಗಳಿಗೆ ಮಾತ್ರ ಅದು ಅನ್ವಯ. ಮೊದಲೇ ಬುಕ್ ಮಾಡಿ ಕರೆಸಿಕೊಳ್ಳುವ ಪ್ರೈವೇಟ್ ಹೈರ್ ಕಾರುಗಳ ಸಂಖ್ಯೆಗೆ ಮಿತಿ ಹಾಕುವ ಅಧಿಕಾರ ಕೌನ್ಸಿಲ್‌ಗೆ ಇಲ್ಲ. ಆ್ಯಪ್ ಮೂಲಕ ಬರುವ ಕಾರುಗಳೂ ಹೆಚ್ಚಾಗಿ ಈ ಎರಡನೇ ಗುಂಪಿಗೆ ಸೇರುತ್ತವೆ. ಹಾಗಾಗಿ ಟ್ಯಾಕ್ಸಿ ಮಿತಿಯಿಂದಲೇ ವಾಹನ ದಟ್ಟಣೆ ತಗ್ಗುತ್ತದೆಂದು ನಂಬಲು ಆಧಾರವಿಲ್ಲ.

ತಪ್ಪು ಕಲ್ಪನೆ: ಚಾಲಕರ ಸಂಖ್ಯೆಗೂ ಮಿತಿಯಿದೆ.
ಸತ್ಯ: ಮಿತಿ ಇರುವುದು ವಾಹನದ ಪರವಾನಗಿಗೆ, ಅಂದರೆ 'ಪ್ಲೇಟ್'ಗೆ. ಚಾಲಕರ ಪರವಾನಗಿಗೆ ಬೇಕಾದದ್ದು ಅರ್ಹತೆ ಮತ್ತು ನಡತೆ. ಒಂದೇ ಟ್ಯಾಕ್ಸಿಯನ್ನು ಹಗಲು ಒಬ್ಬರು, ರಾತ್ರಿ ಇನ್ನೊಬ್ಬರು ಓಡಿಸಬಹುದು.

ತಪ್ಪು ಕಲ್ಪನೆ: ಮಿತಿಯಿಂದ ಎಲ್ಲ ಚಾಲಕರಿಗೂ ಲಾಭ.
ಸತ್ಯ: ಈಗಾಗಲೇ ಪ್ಲೇಟ್ ಇದ್ದವರಿಗೆ ಪೈಪೋಟಿ ಕಡಿಮೆಯಾಗುತ್ತದೆ, ನಿಜ. ಆದರೆ ಹೊಸ ಪ್ಲೇಟ್ ಸಿಗದ ಊರಿನಲ್ಲಿ ಹಳೆಯ ಪ್ಲೇಟಿಗೇ ಬೆಲೆ ಬರುತ್ತದೆ. ಕೌನ್ಸಿಲ್‌ಗೆ ಬರೀ ಶುಲ್ಕ ಕಟ್ಟಿ ಪಡೆದದ್ದನ್ನು ಹೊಸಬರು ವಾಹನದ ಜೊತೆಗೆ ದುಬಾರಿ ಬೆಲೆ ತೆತ್ತು ಕೊಳ್ಳಬೇಕಾಗುತ್ತದೆ. ಇಲ್ಲವೇ ಪ್ಲೇಟ್ ಇರುವವರಿಂದ ಟ್ಯಾಕ್ಸಿಯನ್ನು ಬಾಡಿಗೆಗೆ ಪಡೆದು ದುಡಿಯಬೇಕಾಗುತ್ತದೆ.

ತಪ್ಪು ಕಲ್ಪನೆ: ಒಮ್ಮೆ ಹಾಕಿದ ಮಿತಿ ಶಾಶ್ವತ.
ಸತ್ಯ: ಕೌನ್ಸಿಲ್ ಅದನ್ನು ಸಡಿಲಿಸಬಹುದು, ಪೂರ್ತಿ ತೆಗೆದೂ ಹಾಕಬಹುದು. ಮಿತಿಗಳನ್ನು ರದ್ದುಪಡಿಸಬೇಕೆಂದು ಮಾರುಕಟ್ಟೆಯ ಪೈಪೋಟಿಯನ್ನು ಗಮನಿಸುತ್ತಿದ್ದ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಸಂಸ್ಥೆ 2003ರಲ್ಲಿ ಶಿಫಾರಸು ಮಾಡಿತು. ಕೌನ್ಸಿಲ್‌ಗಳಿಗೆ ಈ ಅಧಿಕಾರ ಇರಲಿ ಎಂದು ಕಾನೂನು ಆಯೋಗ 2014ರಲ್ಲಿ ಹೇಳಿತು. ಈ ವಾದಗಳು ಏನೇ ಇರಲಿ, ಕಾಯ್ದೆಯ ಅಳತೆಗೋಲು ಒಂದೇ: ಟ್ಯಾಕ್ಸಿಗಾಗಿ ಕಾಯುವ ಪ್ರಯಾಣಿಕರ ಅಗತ್ಯ.