ಮೈಕ್ ಕೆಟ್ಟಿಲ್ಲ, ಪವರ್ ಸಿಕ್ಕಿಲ್ಲ
ಊರಿಂದ ಬಂದಿದ್ದ ಅಜ್ಜಿಯ ಸೋಬಾನೆ ಪದ ರೆಕಾರ್ಡ್ ಮಾಡೋಣ ಅಂತ ಕಂಡೆನ್ಸರ್ ಮೈಕ್ ತಂದು, 3.5 ಎಂಎಂ ಪಿನ್ನಿನ ಕೇಬಲ್‌ನಿಂದ ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅಜ್ಜಿ ನಾಲ್ಕು ಪದ ಹಾಡಿದ್ರು. ಫೈಲಿನಲ್ಲಿ ಬರೀ ಸುಂಯ್ ಅನ್ನೋ ಸದ್ದು!

ಮೈಕ್ ಕೆಟ್ಟಿರಲಿಲ್ಲ. ಇಂಥ ಎಕ್ಸ್‌ಎಲ್‌ಆರ್ ಮೈಕಿಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಲ್ಯಾಪ್‌ಟಾಪ್ ಜ್ಯಾಕ್ ಕೊಡೋದು ಕೆಲವೇ ವೋಲ್ಟ್. ಹಾಗಾಗಿ ನಡುವೆ ಆಡಿಯೋ ಇಂಟರ್‌ಫೇಸ್ ಬೇಕು. ಮೈಕ್‌ನಿಂದ ಅದಕ್ಕೆ ಎಕ್ಸ್‌ಎಲ್‌ಆರ್ ಕೇಬಲ್, ಅಲ್ಲಿಂದ ಕಂಪ್ಯೂಟರಿಗೆ ಯುಎಸ್‌ಬಿ. ಗೇನ್ ಪೂರ್ತಿ ಇಳಿಸಿ ಕೇಬಲ್ ಹಾಕಿ, ಆಮೇಲೆ 48 ವೋಲ್ಟ್ ಬಟನ್ ಒತ್ತಿ. ಸಾಫ್ಟ್‌ವೇರಿನಲ್ಲಿ ಇನ್‌ಪುಟ್ ಆಗಿ ಇಂಟರ್‌ಫೇಸನ್ನೇ ಆರಿಸಿ. ಜೋರಾಗಿ ಹಾಡಿದಾಗ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ಬರೋವಷ್ಟು ಗೇನ್ ಏರಿಸಿ.

ಮೊದಲು ನಿಮ್ಮದೇ ದನಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಕೇಳಿ. ಹಿರಿಯರನ್ನ ಆಮೇಲೆ ಕೂರಿಸಿ. ದಣಿದಿದ್ದ ಅಜ್ಜಿಗೆ "ಇನ್ನೊಂದ್ಸಲ ಹಾಡಿ" ಅನ್ನೋಕೆ ಆವತ್ತು ನನಗೆ ಬಾಯೇ ಬರಲಿಲ್ಲ.