ಗಾಯ ಬೆನ್ನುಹುರಿಯಲ್ಲಿ, ಉರಿ ಪಾದದಲ್ಲಿ: ಎಂ.ಎಸ್. ನೋವಿನ ಒಳಮರ್ಮ

ಪಾದದಲ್ಲಿ ಗಾಯವಿಲ್ಲ, ಊತವಿಲ್ಲ. ಆದರೂ ಕೆಂಡ ಮೆಟ್ಟಿದಂತಹ ಉರಿ. ರಾತ್ರಿ ಹೊದಿಕೆಯ ಅಂಚು ಸೋಕಿದರೂ ಸಹಿಸಲಾಗದ ಯಾತನೆ. ಎಕ್ಸ್-ರೇಯಲ್ಲಿ ದೋಷವಿಲ್ಲ, ರಕ್ತಪರೀಕ್ಷೆಯಲ್ಲಿ ಏರುಪೇರಿಲ್ಲ, ಸಾಮಾನ್ಯ ನೋವಿನ ಮಾತ್ರೆಗೂ ಬಗ್ಗುವುದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್, ಸಂಕ್ಷಿಪ್ತವಾಗಿ ಎಂ.ಎಸ್., ಎಂಬ ನರರೋಗಕ್ಕೆ ತುತ್ತಾದ ಹಲವರು ಅನುಭವಿಸುವ ನೋವಿನ ಸ್ವರೂಪವಿದು. ಇಲ್ಲಿ ಗಾಯವಾಗಿರುವುದು ಪಾದದ ಸುದ್ದಿಯನ್ನು ಹೊತ್ತೊಯ್ಯುವ ಬೆನ್ನುಹುರಿ ಅಥವಾ ಮಿದುಳಿನಲ್ಲಿ. ಈ ನೋವು ಹುಟ್ಟುವುದು ಹೇಗೆ, ಬಹುಕಾಲ ಅದು ವೈದ್ಯಲೋಕದ ಲೆಕ್ಕಕ್ಕೆ ಸರಿಯಾಗಿ ಬಾರದೆ ಉಳಿದದ್ದೇಕೆ ಎಂಬುದು ಕಳೆದ ನಾಲ್ಕು ದಶಕಗಳ ಸಂಶೋಧನೆಯಿಂದ ಹಂತಹಂತವಾಗಿ ತಿಳಿದುಬರುತ್ತಿದೆ.

ಕಳಚುವ ಹೊದಿಕೆ

ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಪ್ರಸಿದ್ಧ ವೈದ್ಯ ಶಾರ್ಕೊ ಅವರು 1868ರಲ್ಲಿ ಈ ರೋಗದ ಲಕ್ಷಣಗಳನ್ನೂ ಮಿದುಳು, ಬೆನ್ನುಹುರಿಗಳಲ್ಲಿ ಕಾಣುವ ಗಟ್ಟಿ ಕಲೆಗಳನ್ನೂ ಒಟ್ಟಿಗೆ ಜೋಡಿಸಿ, ಇದೊಂದು ಪ್ರತ್ಯೇಕ ರೋಗವೆಂದು ನಿರೂಪಿಸಿದರು. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರತಂತುಗಳಿಗೂ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿದೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಈ ಹೊದಿಕೆಯ ಮೇಲೆ ದಾಳಿ ಮಾಡುವುದೇ ಎಂ.ಎಸ್. ಹೊದಿಕೆ ಕಳಚಿದೆಡೆ ಸಂಕೇತಗಳು ನಿಧಾನಗೊಳ್ಳುತ್ತವೆ, ತಡೆಯಲ್ಪಡುತ್ತವೆ ಅಥವಾ ಅಡ್ಡದಾರಿ ಹಿಡಿಯುತ್ತವೆ. ದೃಷ್ಟಿ ಮಂಜಾಗುವುದು, ಕಾಲು ಸೋಲುವುದು, ಸಮತೋಲನ ತಪ್ಪುವುದು, ವಿಪರೀತ ದಣಿವು ಇದರ ಪರಿಚಿತ ಲಕ್ಷಣಗಳು.

2023ರ ಅಂದಾಜಿನಂತೆ ವಿಶ್ವದಲ್ಲಿ ಸುಮಾರು 29 ಲಕ್ಷ ಮಂದಿ ಈ ರೋಗದೊಡನೆ ಬದುಕುತ್ತಿದ್ದಾರೆ. ಪುರುಷರಿಗೆ ಹೋಲಿಸಿದರೆ ಮಹಿಳೆಯರ ಸಂಖ್ಯೆ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು. ಇಪ್ಪತ್ತರಿಂದ ನಲವತ್ತರ ನಡುವಿನ ವಯಸ್ಸಿನಲ್ಲಿ, ಅಂದರೆ ದುಡಿಮೆ ಮತ್ತು ಸಂಸಾರದ ಹೊಣೆ ಹೆಗಲೇರುವ ಹೊತ್ತಿನಲ್ಲಿಯೇ, ರೋಗ ಸಾಮಾನ್ಯವಾಗಿ ತಲೆದೋರುತ್ತದೆ.

ಲೆಕ್ಕಕ್ಕೆ ಬಾರದ ಲಕ್ಷಣ

ನಡಿಗೆ ಮತ್ತು ದೃಷ್ಟಿಯ ತೊಂದರೆಗಳು ಕಣ್ಣಿಗೆ ಕಾಣುತ್ತವೆ, ನೋವು ಕಾಣುವುದಿಲ್ಲ. ಈ ಕಾರಣಕ್ಕೆ ಎಂ.ಎಸ್. ನೋವಿಲ್ಲದ ಕಾಯಿಲೆ ಎಂಬ ಗ್ರಹಿಕೆ ಬಹುಕಾಲ ಉಳಿದುಬಂತು. 1980ರ ದಶಕದಿಂದೀಚೆಗೆ ರೋಗಿಗಳನ್ನು ನೇರವಾಗಿ ಪ್ರಶ್ನಿಸಿ ನಡೆಸಿದ ಅಧ್ಯಯನಗಳು ಈ ಗ್ರಹಿಕೆಯನ್ನು ಬದಲಿಸಿದವು. ಏಳು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ಅಧ್ಯಯನಗಳನ್ನು ಕಲೆಹಾಕಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಎಂ.ಎಸ್. ಇರುವವರಲ್ಲಿ ಶೇ 63ರಷ್ಟು ಮಂದಿಯನ್ನು ಒಂದಲ್ಲ ಒಂದು ಬಗೆಯ ನೋವು ಕಾಡುತ್ತದೆ.

ರೋಗದ ಅಳತೆಗೋಲುಗಳೂ ಈ ಕಡೆಗಣನೆಗೆ ಪಾಲುದಾರ. ಅಮೆರಿಕದ ನರತಜ್ಞ ಜಾನ್ ಕುರ್ಟ್‌ಸ್ಕೆ 1983ರಲ್ಲಿ ರೂಪಿಸಿದ, ಸೊನ್ನೆಯಿಂದ ಹತ್ತರವರೆಗಿನ ಮಾಪನವೇ ಇಂದಿಗೂ ರೋಗದ ಪ್ರಗತಿಯನ್ನು ಅಳೆಯಲು ಹೆಚ್ಚು ಬಳಕೆಯಲ್ಲಿದೆ. ಅದರ ಮೇಲಿನ ಹಂತಗಳು ಬಹುಪಾಲು ರೋಗಿ ಎಷ್ಟು ದೂರ ನಡೆಯಬಲ್ಲರು ಎಂಬುದನ್ನೇ ಅವಲಂಬಿಸಿವೆ. ನೋವಿನ ತೀವ್ರತೆಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಹೀಗಾಗಿ, ನಡೆಯಬಲ್ಲ ಆದರೆ ರಾತ್ರಿಯಿಡೀ ನಿದ್ರೆಯಿಲ್ಲದೆ ನರಳುವ ವ್ಯಕ್ತಿ ಅಂಕಿಯ ಲೆಕ್ಕದಲ್ಲಿ 'ಸೌಮ್ಯ' ರೋಗಿಯಾಗಿಯೇ ಉಳಿಯಬಹುದು.

ನೋವು ಒಂದಲ್ಲ, ಹಲವು

ಎಂ.ಎಸ್. ರೋಗಿಗಳ ನೋವನ್ನು ಸ್ಥೂಲವಾಗಿ ಎರಡಾಗಿ ವಿಂಗಡಿಸಬಹುದು. ಮೊದಲನೆಯದು ಸ್ನಾಯು ಮತ್ತು ಕೀಲುಗಳದು. ನಡಿಗೆಯ ಕ್ರಮ ಕೆಟ್ಟಾಗ ಸೊಂಟ, ಬೆನ್ನು, ಮಂಡಿಗಳ ಮೇಲೆ ಬೀಳುವ ಅಸಮ ಭಾರದಿಂದ ಇದು ಬರುತ್ತದೆ. ಎರಡನೆಯದು ನರಜನ್ಯ ನೋವು. ಇಲ್ಲಿ ಅಪಾಯದ ಸುದ್ದಿ ತಲುಪಿಸಬೇಕಾದ ನರಮಾರ್ಗವೇ ಘಾಸಿಗೊಂಡು, ಅಪಾಯವಿಲ್ಲದಿದ್ದರೂ ಗಂಟೆ ಬಾರಿಸುತ್ತದೆ. ಕೈಕಾಲುಗಳ ಎಡೆಬಿಡದ ಉರಿ ಈ ವರ್ಗಕ್ಕೆ ಸೇರಿದ್ದು. ಇದು ಸುಮಾರು ಶೇ 26ರಷ್ಟು ರೋಗಿಗಳಲ್ಲಿದೆ ಎಂದು 2013ರ ಅದೇ ವಿಶ್ಲೇಷಣೆ ಹೇಳುತ್ತದೆ.

ತಲೆ ಬಗ್ಗಿಸಿದೊಡನೆ ಕುತ್ತಿಗೆಯಿಂದ ಬೆನ್ನಗುಂಟ ಕರೆಂಟ್ ಹೊಡೆದಂತಾಗುವುದು ಮತ್ತೊಂದು ಬಗೆ. ಇದನ್ನು ವಿವರಿಸಿದ ಫ್ರೆಂಚ್ ನರತಜ್ಞರ ಹೆಸರಿನಿಂದ 'ಲೆರ್ಮಿಟ್ ಚಿಹ್ನೆ' ಎಂದು ಕರೆಯುತ್ತಾರೆ. ಮುಖದ ಒಂದು ಪಾರ್ಶ್ವಕ್ಕೆ ಚೂರಿ ಇರಿದಂತೆ ಬಂದು ಕ್ಷಣಗಳಲ್ಲಿ ಮಾಯವಾಗುವ 'ಟ್ರೈಜೆಮಿನಲ್ ನ್ಯೂರಾಲ್ಜಿಯಾ' ಇನ್ನೊಂದು. ಹಲ್ಲುಜ್ಜುವುದು, ತಣ್ಣನೆಯ ಗಾಳಿ ತಾಗುವುದು ಕೂಡ ಇದನ್ನು ಕೆರಳಿಸಬಹುದು. ಹಲ್ಲುನೋವೆಂದು ಭಾವಿಸಿ ದಂತವೈದ್ಯರ ಬಳಿಗೆ ಹೋಗುವವರೂ ಇದ್ದಾರೆ.

ಗಂಟೆ ಬಾರಿಸುವವರಾರು?

ಹೊದಿಕೆ ಕಳೆದುಕೊಂಡ ನರತಂತು ಸುಮ್ಮನೆ ಕುಳಿತಿರುವುದಿಲ್ಲ. ವಿದ್ಯುತ್ ಸಂಕೇತ ಹುಟ್ಟಿಸುವ ಸೋಡಿಯಂ ದ್ವಾರಗಳು ಬೆತ್ತಲಾದ ಭಾಗದ ಉದ್ದಕ್ಕೂ ಹರಡಿಕೊಳ್ಳುತ್ತವೆ. ಆಗ ಯಾವ ಸ್ಪರ್ಶವೂ ಇಲ್ಲದೆ ತಂತುವಿನ ನಡುವೆಯೇ ಸಂಕೇತಗಳು ಚಿಮ್ಮಬಲ್ಲವು. ಪಕ್ಕಪಕ್ಕದ ಬೆತ್ತಲೆ ತಂತುಗಳ ನಡುವೆ ಸಂಕೇತ ಜಿಗಿಯುವುದೂ ಉಂಟು. ಮುಖದ ಇರಿತ ಮತ್ತು ಕುತ್ತಿಗೆಯ ಮಿಂಚನ್ನು ವಿಜ್ಞಾನಿಗಳು ಬಹುಮಟ್ಟಿಗೆ ಹೀಗೆ ವಿವರಿಸುತ್ತಾರೆ.

ಎಡೆಬಿಡದ ಉರಿಯ ಕಥೆ ಇನ್ನಷ್ಟು ಜಟಿಲ. ಬೆನ್ನುಹುರಿಯಲ್ಲಿ ನೋವಿನ ಸಂಕೇತವನ್ನು ಹಿಗ್ಗಿಸುವ ಅಥವಾ ತಗ್ಗಿಸುವ 'ದ್ವಾರ'ವಿದೆ ಎಂಬ ಸಿದ್ಧಾಂತವನ್ನು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದರು. ಅದರ ವಿವರಗಳು ಮುಂದೆ ಪರಿಷ್ಕರಣೆಗೊಂಡರೂ, ಮಿದುಳು ಕೆಳಮುಖವಾಗಿ ಸಂದೇಶ ಕಳುಹಿಸಿ ನೋವನ್ನು ಹತೋಟಿಯಲ್ಲಿಡುತ್ತದೆ ಎಂಬ ಅಂಶ ಸ್ಥಿರಪಟ್ಟಿದೆ. ಈ ನಿಯಂತ್ರಣದ ಹಾದಿಗೆ ಪೆಟ್ಟು ಬಿದ್ದರೆ ಅಂಕೆ ಸಡಿಲಗೊಳ್ಳುತ್ತದೆ. ನಿರಂತರ ಪ್ರಚೋದನೆಗೆ ಸಿಕ್ಕ ಬೆನ್ನುಹುರಿಯ ನರಕೋಶಗಳು ಅತಿ ಸೂಕ್ಷ್ಮಗೊಂಡು, ಸಾಮಾನ್ಯ ಸ್ಪರ್ಶವನ್ನೂ ನೋವಾಗಿ ವರದಿ ಮಾಡತೊಡಗುತ್ತವೆ ಎಂಬುದನ್ನು ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಪ್ರಯೋಗದಿಂದ ತೋರಿಸಿದರು. ಹೊದಿಕೆಯ ಅಂಚು ಸೋಕಿದರೂ ಯಾತನೆಯಾಗುವುದೇಕೆ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ನರಕೋಶಗಳ ನೆರೆಹೊರೆಯವರ ಪಾತ್ರವೂ ಬೆಳಕಿಗೆ ಬಂದಿದೆ. ಮಿದುಳು ಮತ್ತು ಬೆನ್ನುಹುರಿಯ ಕಾವಲು ಕೆಲಸ ಮಾಡುವ ಮೈಕ್ರೋಗ್ಲಿಯಾ ಎಂಬ ಕೋಶಗಳು ಉರಿಯೂತದ ವೇಳೆ ಸ್ರವಿಸುವ ರಾಸಾಯನಿಕಗಳು ನರಕೋಶಗಳನ್ನು ಕೆರಳಿಸುತ್ತವೆ. ಆದರೆ ನರಗಾಯಗೊಂಡ ಇಲಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಚ್ಚರಿಯ ಸಂಗತಿಯೊಂದು ಕಂಡುಬಂತು. ಮೈಕ್ರೋಗ್ಲಿಯಾವನ್ನು ತಡೆದಾಗ ಗಂಡು ಇಲಿಗಳ ನೋವು ತಗ್ಗಿತು, ಹೆಣ್ಣು ಇಲಿಗಳದು ತಗ್ಗಲಿಲ್ಲ. ಹೆಣ್ಣಿನಲ್ಲಿ ಬೇರೆ ಬಗೆಯ ರಕ್ಷಣಾ ಕೋಶಗಳು ಆ ಕೆಲಸ ಮಾಡುತ್ತಿರಬಹುದೆಂದು ಸಂಶೋಧಕರು ಸೂಚಿಸಿದರು. ನೋವಿನ ಪ್ರಯೋಗಗಳು ದಶಕಗಳ ಕಾಲ ಹೆಚ್ಚಾಗಿ ಗಂಡು ಪ್ರಾಣಿಗಳ ಮೇಲೆಯೇ ನಡೆದಿದ್ದವು, ಎಂ.ಎಸ್. ಬಾಧಿತರಲ್ಲಿ ಹೆಚ್ಚಿನವರಾದರೋ ಮಹಿಳೆಯರು. ಈ ಅಂತರವನ್ನು ಸಂಶೋಧನೆ ತುಂಬಬೇಕಾಗಿದೆ.

ಎಂ.ಎಸ್.ಗೆ ಹೋಲುವ ಸ್ಥಿತಿಯನ್ನು ಉಂಟುಮಾಡಿದ ಇಲಿಗಳಲ್ಲಿ, ಕಾಲು ಬಲಗುಂದುವ ಮೊದಲೇ ಸ್ಪರ್ಶಕ್ಕೆ ಅತಿಯಾಗಿ ಪ್ರತಿಕ್ರಿಯಿಸುವ ಗುಣ ಕಂಡುಬಂದದ್ದೂ ಗಮನಾರ್ಹ. ಅಂದರೆ ನೋವು ರೋಗದ ಕೊನೆಯ ಹಂತದ ಉಪೋತ್ಪನ್ನವಲ್ಲ, ಆರಂಭದಿಂದಲೇ ಜೊತೆಗಿರಬಹುದು.

ಕಾರಣ ಬೇರೆ, ಔಷಧ ಬೇರೆ

ಎಂ.ಆರ್.ಐ. ಚಿತ್ರದಲ್ಲಿ ಕಲೆ ಎಷ್ಟಿವೆ ಎಂಬುದರಿಂದ ನೋವು ಎಷ್ಟಿದೆ ಎಂದು ಹೇಳಲಾಗದು. ಮುಖದ ನೋವಿಗೂ ಮಿದುಳುಕಾಂಡದ ಕಲೆಗೂ ಸಂಬಂಧ ಸ್ಪಷ್ಟವಾಗಿದೆ. ಉಳಿದ ನೋವುಗಳಲ್ಲಿ ಅಷ್ಟು ಸ್ಪಷ್ಟವಿಲ್ಲ. ಆದುದರಿಂದ ಚಿಕಿತ್ಸೆಗೆ ಮೊದಲ ಆಧಾರ ರೋಗಿ ನೀಡುವ ವಿವರಣೆಯೇ.

ಮುಖದ ಇರಿತಕ್ಕೆ ಸೋಡಿಯಂ ದ್ವಾರಗಳನ್ನು ಹತೋಟಿಗೆ ತರುವ ಕಾರ್ಬಮಜೆಪಿನ್ ಮೊದಲ ಆಯ್ಕೆಗಳಲ್ಲೊಂದು. ಎಡೆಬಿಡದ ಉರಿಗೆ ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ನಂತಹ ಔಷಧಗಳನ್ನು ನೀಡಲಾಗುತ್ತದೆ. ಇವುಗಳಲ್ಲಿ ಕೆಲವು ಮೂಲತಃ ಖಿನ್ನತೆಗೆ, ಕೆಲವು ಮೂರ್ಛೆರೋಗಕ್ಕೆ ಬಂದವು. ಚೀಟಿಯಲ್ಲಿ ಇವುಗಳ ಹೆಸರು ಕಂಡ ರೋಗಿಗಳು 'ನಮ್ಮದು ಮನಸ್ಸಿನ ಕಾಯಿಲೆ' ಎಂದು ನೊಂದುಕೊಳ್ಳಬೇಕಿಲ್ಲ. ಬೆನ್ನುಹುರಿಯಲ್ಲಿ ನೋವಿನ ಸಂಕೇತವನ್ನು ತಗ್ಗಿಸುವ ಶಕ್ತಿ ಇವಕ್ಕಿದೆ. ಸ್ನಾಯು ಬಿಗಿತದ ನೋವಿಗೆ ಬ್ಯಾಕ್ಲೋಫೆನ್ ಮತ್ತು ವ್ಯಾಯಾಮ, ಬೆನ್ನು-ಮಂಡಿ ನೋವಿಗೆ ಫಿಸಿಯೋಥೆರಪಿ ನೆರವಾಗುತ್ತವೆ.

ಆದರೆ ಈ ಔಷಧಗಳು ಎಲ್ಲರಿಗೂ ಸಮನಾಗಿ ಫಲಿಸುವುದಿಲ್ಲ. ತೂಕಡಿಕೆ, ತಲೆಸುತ್ತು ಇವುಗಳ ಸಾಮಾನ್ಯ ಅಡ್ಡಪರಿಣಾಮ. ಮೊದಲೇ ದಣಿವು, ತೂರಾಟಗಳಿಂದ ಬಳಲುವವರಿಗೆ ಅದೇ ಹೊಸ ತೊಡಕು. ರೋಗದ ಮರುಕಳಿಕೆಯನ್ನು ತಡೆಯುವ ಔಷಧಗಳು ಈಗ ಹಲವಿದ್ದರೂ, ಆಗಲೇ ಬೇರೂರಿದ ನೋವನ್ನು ಅವು ಅಳಿಸಿಹಾಕುತ್ತವೆ ಎನ್ನುವಂತಿಲ್ಲ. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಸುಜೆಟ್ರಿಜಿನ್ ಎಂಬ ಹೊಸ ನೋವುನಿವಾರಕ ಸುದ್ದಿ ಮಾಡಿತು. ಆದರೆ ಅದು ತಾತ್ಕಾಲಿಕ ತೀವ್ರ ನೋವಿಗೆ ಮೀಸಲಾಗಿದ್ದು, ಮಿದುಳು-ಬೆನ್ನುಹುರಿಯ ಹೊರಗಿನ ನರಗಳ ಮೇಲೆ ಕೆಲಸ ಮಾಡುತ್ತದೆ. ಎಂ.ಎಸ್.ನ ನರಜನ್ಯ ನೋವಿನ ಮೂಲ ಅದರ ಒಳಗಿದೆ.

ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಎಂ.ಎಸ್. ಅನ್ನು ತನ್ನ 21 ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿಕೊಂಡಿದೆ. ಕಾನೂನಿನಲ್ಲಿ ರೋಗಕ್ಕೆ ಸ್ಥಾನ ಸಿಕ್ಕಂತೆ ತಪಾಸಣಾ ಕೊಠಡಿಯಲ್ಲಿ ನೋವಿಗೂ ಸಿಗಬೇಕು. ಅದಕ್ಕೆ ರೋಗಿಗಳ ಪಾಲಿನ ನೆರವೂ ಬೇಕು. ನೋವು ಎಲ್ಲಿ, ಯಾವಾಗ, ಎಷ್ಟು ಹೊತ್ತು ಬರುತ್ತದೆ. ಅದು ಉರಿಯೋ, ಇರಿತವೋ, ಸೆಳೆತವೋ. ಯಾವುದರಿಂದ ಕೆರಳುತ್ತದೆ ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸುವುದು ಒಳ್ಳೆಯದು. ಹೊಸ ಬಗೆಯ ನೋವು ಕಾಣಿಸಿಕೊಂಡರೆ ತಡಮಾಡದೆ ನರತಜ್ಞರನ್ನು ಕಾಣಬೇಕು. ಸೇವಿಸುತ್ತಿರುವ ಮಾತ್ರೆಯನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಮನೆಯವರು ಮಾಡಬಹುದಾದ ಸಹಾಯ ಇನ್ನೂ ಸರಳ: ಗಾಯ ಕಾಣುತ್ತಿಲ್ಲವೆಂದು ನೋವನ್ನು ಅನುಮಾನಿಸದಿರುವುದು.