ರಿಟರ್ನ್ಸ್ ಸಲ್ಲಿಸುವಾಗ ಪಾಸ್‌ವರ್ಡ್ ಜೋಪಾನ

ವಿದ್ಯಾರ್ಥಿವೇತನದ ಅರ್ಜಿಗೆ ಆದಾಯ ತೆರಿಗೆ ರಿಟರ್ನ್ಸ್ ಪ್ರತಿ ಬೇಕೆಂದಾಗ ಅನೇಕ ಪೋಷಕರು ಸೈಬರ್ ಅಂಗಡಿಗೋ ಖಾಸಗಿ ಆ್ಯಪ್‌ಗೋ ಪಾಸ್‌ವರ್ಡ್, ಓಟಿಪಿ ಒಪ್ಪಿಸಿಬಿಡುತ್ತಾರೆ. ನಿವೃತ್ತಿಯ ವರ್ಷ ನಾನೂ ಹಾಗೆಯೇ ಮಾಡಿದ್ದೆ. ಅದರಿಂದ ತೆರೆದುಕೊಳ್ಳುವುದು ರಿಟರ್ನ್ಸ್ ಒಂದೇ ಅಲ್ಲ. ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಬ್ಯಾಂಕ್ ಬಡ್ಡಿ, ಷೇರು ವ್ಯವಹಾರ, ಆಸ್ತಿ ಖರೀದಿಯ ವಿವರಗಳೂ ಇರುತ್ತವೆ. ಅದರ ಪಿಡಿಎಫ್‌ಗೆ ಬೀಗವಿದೆ, ನಿಜ. ಆದರೆ ಕೀಲಿ ಎಂದರೆ ನಿಮ್ಮ ಪ್ಯಾನ್ ಮತ್ತು ಜನ್ಮದಿನಾಂಕ. ಎರಡೂ ಅಂಗಡಿಯವರ ಬಳಿ ಇದ್ದೇ ಇರುತ್ತವೆ!

ಇಲಾಖೆಯ ಪೋರ್ಟಲ್‌ನಲ್ಲಿ ಸಲ್ಲಿಕೆ ಉಚಿತ. ಸಂಬಳದಾರರ ಐಟಿಆರ್-1 ಅನ್ನು ಕಾಲೇಜು ಓದುವ ಮಗಳೇ ತುಂಬಬಲ್ಲಳು. ಬೇರೆಯವರಿಂದ ಮಾಡಿಸಿದರೆ ಅಂದೇ ಪಾಸ್‌ವರ್ಡ್ ಬದಲಿಸಿ. ಪ್ರೊಫೈಲ್‌ನಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ, ಇಮೇಲ್ ಇವೆಯೇ ನೋಡಿ. 80ಜಿ ರಸೀದಿಗಾಗಿ ಪ್ಯಾನ್ ಕೊಡುವ ದಾನಿಗಳು ದಯವಿಟ್ಟು ಅದನ್ನು ವಾಟ್ಸಾಪ್ ಗುಂಪಿಗೆ ಹಾಕದೆ ಕಚೇರಿಗೇ ತಲುಪಿಸಿ.